ಬಾಯಿಯ ವಾಸನೆಯೂ ಕಾಯಿದೆಯ ಕೈಯೂ

ಮೊನ್ನೆ ಒಂದು ಶನಿವಾರ ರಾತ್ರಿ ಮಾಟುಂಗದ ಕಡೆ ನಾಟಕ ನೋಡಿಕೊಂಡು ನಾವು ನಾಲ್ವರು ಟ್ಯಾಕ್ಸಿಯಲ್ಲಿ ಮನೆಗೆ ಮರಳುತ್ತಿದ್ದೆವು. ಹನ್ನೊಂದೂವರೆಯ ಹೊತ್ತು. ಸೇತುವೆ ಇಳಿಯುತ್ತಲೇ ನಾಕಾಬಂದಿ. ಹವಾಲ್ದಾರರೊಬ್ಬರು ಕಿಟಕಿಯೊಳಕ್ಕೆ ಮುಖ ತಂದು ಚಾಲಕನೊಡನೆ ಎರಡು ಮಾತಾಡಿದರು. ಆಮೇಲೆ ಅಂಗೈಯಗಲದ ಒಂದು ಯಂತ್ರವನ್ನು ಅವನ ಬಾಯಿಗೆ ಹಿಡಿದರು. ಅವನು ಊದಿದ, ಅವರು ನೋಡಿದರು, ಹೋಗು ಎಂದು ಕೈಬೀಸಿದರು. ಸ್ವಲ್ಪ ದೂರ ಬಂದ ಮೇಲೆ ಚಾಲಕ ತಾನಾಗಿಯೇ ಬಾಯಿಬಿಟ್ಟ. ಸಂಜೆ ಕೆಮ್ಮಿನ ಔಷಧಿ ಕುಡಿದಿದ್ದನಂತೆ, ಯಂತ್ರ ಕಂಡೊಡನೆ ಎದೆ ಡವಗುಟ್ಟಿತಂತೆ.

ನಮ್ಮ ಜೊತೆಯಲ್ಲಿದ್ದ ಹಿರಿಯರೊಬ್ಬರು ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಲೆಕ್ಕ ತಾಳೆಯಾಗದೆ ಏಳುವವರಲ್ಲ. "ಅಲ್ಲ ಸ್ವಾಮಿ, ಇವನು ಓಲಾಡಿಕೊಂಡು ಓಡಿಸಲಿಲ್ಲ, ಯಾರಿಗೂ ತಾಗಿಸಲಿಲ್ಲ. ಏನು ಕಾರಣ ಕಂಡು ಇವನನ್ನು ಹಿಡಿದು ಊದಿಸಿದರು? ವಾಸನೆ ಬಂತು ಅಂತ ಇವನನ್ನು ಠಾಣೆಗೆ ಒಯ್ದಿದ್ದರೆ?" ಎಂದು ಕೇಳಿದರು. ಮನೆ ಮುಟ್ಟುವವರೆಗೂ ಅದೇ ಚರ್ಚೆ ನಡೆಯಿತು. ಇದೇ ಪ್ರಶ್ನೆ, ಇದೇ ಮುಂಬಯಿಯಲ್ಲಿ, ಇಂಥದೇ ಒಂದು ರಾತ್ರಿ ಎದ್ದು ದಿಲ್ಲಿಯ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳವರೆಗೆ ಹೋಗಿತ್ತೆಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿದಿರಲಾರದು. ಆ ಕಥೆಯನ್ನು ಹೇಳಲೆಂದೇ ಈ ಲೇಖನ.

ಮುಂಬಯಿಯಲ್ಲಿ ಕುಡಿತವೇ ಅಪರಾಧವಾಗಿದ್ದ ಕಾಲವೊಂದಿತ್ತು. ಖೇರ್ ಮಂತ್ರಿಮಂಡಲದಲ್ಲಿದ್ದ ಡಾ. ಗಿಲ್ಡರ್ ಅವರ ಮುತುವರ್ಜಿಯಿಂದ 1939ರ ಆಗಸ್ಟ್ 1ರಂದು ನಗರಕ್ಕೆ ಪಾನನಿರೋಧ ಬಂತು. ಮಂತ್ರಿಮಂಡಲ ರಾಜೀನಾಮೆ ಕೊಟ್ಟ ಮೇಲೆ ಅದು ಸಡಿಲಾಯಿತು. ಸ್ವಾತಂತ್ರ್ಯಾನಂತರ 1949ರಲ್ಲಿ ಮುಂಬಯಿ ಪಾನನಿರೋಧ ಕಾಯಿದೆ ಆಯಿತು. ಗೃಹಮಂತ್ರಿ ಮೊರಾರ್ಜಿ ದೇಸಾಯಿಯವರ ಬಿಗಿ ಕೈಯಲ್ಲಿ 1950ರಿಂದ ರಾಜ್ಯದಾದ್ಯಂತ ಪೂರ್ಣ ಪಾನನಿರೋಧ ಜಾರಿಗೆ ಬಂತು. ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲೇ ಇದ್ದುದರಿಂದ ನಮ್ಮಲ್ಲಿ ಅನೇಕರ ಊರುಗಳಿಗೂ ಇದೇ ಕಾಯಿದೆ. ಅದರ 66ನೆಯ ಕಲಮಿನಂತೆ ಮದ್ಯ ಸೇವಿಸಿದ್ದೇ ಅಪರಾಧ. ವಾಹನ ಓಡಿಸಿರಬೇಕೆಂದಿಲ್ಲ, ಗಲಾಟೆ ಮಾಡಿರಬೇಕೆಂದಿಲ್ಲ. ಅಪರಾಧ ಮಾಡಿದ್ದಾನೆಂದು ನಂಬಲು ಕಾರಣವಿದ್ದರೆ ಪೊಲೀಸರು ವಾರಂಟಿಲ್ಲದೆ ದಸ್ತಗಿರಿ ಮಾಡಬಹುದು.

"ನಂಬಲು ಕಾರಣ" ಎಂದರೇನು? ನಡುರಾತ್ರಿ ಬೀದಿಯಲ್ಲಿ ನಿಂತ ಹವಾಲ್ದಾರನ ಪಾಲಿಗೆ ಅದು ಅವನ ಮೂಗು. ನನ್ನ ಸೋದರಮಾವ ಆಗ ಫೋರ್ಟಿನ ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. ಜ್ವರ ಬಿಟ್ಟು ಸುಸ್ತಾಗಿದ್ದ ದಿನಗಳಲ್ಲಿ ಊರಿನಿಂದ ತಂದ ದ್ರಾಕ್ಷಾಸವ ಕುಡಿದು ರಾತ್ರಿ ಕೋಣೆಗೆ ನಡೆದು ಹೋಗುವಾಗ ಒಬ್ಬ ಹವಾಲ್ದಾರ ತಡೆದು ಬಾಯಿ ಮೂಸಿ ಚೌಕಿಗೆ ಕರೆದುಕೊಂಡು ಹೋದನಂತೆ. ಹೋಟೆಲಿನ ಧಣಿಗಳು ಸೀಸೆ ಹಿಡಿದುಕೊಂಡು ಬಂದು ಚೀಟಿ ಓದಿ ಹೇಳುವತನಕ ಬಿಡಲಿಲ್ಲ. ಆಸವ, ಅರಿಷ್ಟಗಳಲ್ಲಿ ಹುಳಿತು ಹುಟ್ಟಿದ ಮದ್ಯಸಾರ ಸ್ವಲ್ಪ ಇದ್ದೇ ಇರುತ್ತದೆ. ಅದನ್ನು ಮಾವ ಆಮೇಲೆ ನಗೆಯಾಗಿ ಹೇಳುತ್ತಿದ್ದರು. ಆ ರಾತ್ರಿ ನಕ್ಕಿರಲಾರರು. ಪರವೂರಿನಲ್ಲಿ, ಭಾಷೆ ಸರಿಯಾಗಿ ಬಾರದ ಹುಡುಗನಿಗೆ ಚೌಕಿಯ ಬೆಂಚಿನ ಮೇಲೆ ಕಳೆದ ಒಂದು ತಾಸು ಎಷ್ಟು ಉದ್ದವೆಂಬುದು ಕೂತವನಿಗೇ ಗೊತ್ತು.

ಈ ಕಾಯಿದೆಯನ್ನು ಎಫ್. ಎನ್. ಬಲ್ಸಾರಾ ಎಂಬವರು ಕೋರ್ಟಿನಲ್ಲಿ ಪ್ರಶ್ನಿಸಿದರು. ವಿಸ್ಕಿ, ಬ್ರಾಂದಿಗಳಿಂದ ಹಿಡಿದು ಔಷಧೀಯ ದ್ರಾಕ್ಷಾರಸ, ಓಡಿಕೊಲೋನ್ ತನಕ ಇರಿಸಿಕೊಳ್ಳಲು, ಬಳಸಲು ತನಗೆ ಹಕ್ಕಿದೆಯೆಂದು ಅವರ ವಾದ. 1951ರ ಮೇ 25ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಪಾನನಿರೋಧ ಒಟ್ಟಿನಲ್ಲಿ ಸರಿ. ಆದರೆ ಮದ್ಯಸಾರವಿರುವ ಔಷಧಿ ಮತ್ತು ಅಲಂಕಾರ ಸಾಮಗ್ರಿಗಳ ಬಳಕೆಯನ್ನು ನಿಷೇಧಿಸುವಷ್ಟು ಮಟ್ಟಿಗೆ ಅದು ಸಂವಿಧಾನಕ್ಕೆ ವಿರುದ್ಧ, ಅಷ್ಟು ಭಾಗ ಅಸಿಂಧು ಎಂದಿತು. ತೀರ್ಪಿನ ಪ್ರತಿ ವಕೀಲರ ಕೈಸೇರುವ ಮೊದಲೇ, ಅಂದರೆ ಸರಿಯಾಗಿ ನಾಲ್ಕು ದಿನಗಳಿಗೆ, ಕೊಲಾಬಾದಲ್ಲಿ ಒಂದು ಜೀಪು ಮೂವರನ್ನು ಕೆಡವಿತು.

1951ರ ಮೇ 29, ರಾತ್ರಿ ಸುಮಾರು ಒಂಬತ್ತೂವರೆ. ಕೊಲಾಬಾ ಬಸ್‌ನಿಲ್ದಾಣಕ್ಕೆ ಹೋಗಲು ಮೂವರು ರಸ್ತೆ ದಾಟುವುದರಲ್ಲಿದ್ದರು. ಒಬ್ಬ ಮಹಿಳೆ, ಆಕೆಯ ಗಂಡ, ಮತ್ತೊಬ್ಬ ತರುಣಿ. ಜೀಪು ಬಡಿದು ಮೂವರಿಗೂ ಗಾಯಗಳಾದವು. ಜೀಪಿನಲ್ಲಿದ್ದವರು ಬೆಹರಾಮ್ ಖುರ್ಷಿದ್ ಪೇಸಿಕಾಕಾ. ಇವರ ಹುದ್ದೆ ಯಾವುದೆಂದು ಓದುಗರು ಊಹಿಸಲಾರರು. ಮುಂಬಯಿಯ ಹಂಗಾಮಿ ಪ್ರಾದೇಶಿಕ ಸಾರಿಗೆ ಅಧಿಕಾರಿ! ಊರಿಗೆಲ್ಲ ವಾಹನ ಓಡಿಸುವ ಪರವಾನೆ ಕೊಡುವ ಕಚೇರಿಯ ಮುಖ್ಯಸ್ಥರು.

ಪೊಲೀಸರು ಅವರನ್ನು ದಸ್ತಗಿರಿ ಮಾಡಿ ಠಾಣೆಗೆ, ಅಲ್ಲಿಂದ ಸೇಂಟ್ ಜಾರ್ಜ್ ಆಸ್ಪತ್ರೆಗೆ ಕರೆದೊಯ್ದರು. ವೈದ್ಯರು ಪರೀಕ್ಷಿಸಿ ಬರೆದದ್ದು ಹೀಗೆ: ಉಸಿರಿನಲ್ಲಿ ಮದ್ಯದ ವಾಸನೆಯಿದೆ. ಕಣ್ಣು ಕೆಂಪಾಗಿವೆ. ಪಾಪೆ ಅರ್ಧ ಹಿಗ್ಗಿದೆ, ಬೆಳಕಿಗೆ ಸ್ಪಂದಿಸುತ್ತದೆ. ಮಾತು ಸ್ಪಷ್ಟವಾಗಿದೆ. ಸರಳ ರೇಖೆಯ ಮೇಲೆ ನಡೆಯಬಲ್ಲರು. ಮದ್ಯಸಾರವನ್ನು ಯಾವುದೋ ರೂಪದಲ್ಲಿ ತೆಗೆದುಕೊಂಡಿದ್ದಾರೆ. ಆದರೆ ಅದರ ಅಮಲಿನಲ್ಲಿ ಇರುವಂತೆ ಕಾಣುವುದಿಲ್ಲ. ರಕ್ತಪರೀಕ್ಷೆಯ ನಿಯಮಗಳು ಆಗ ಇನ್ನೂ ಹುಟ್ಟಿರಲಿಲ್ಲ.

ಖಟ್ಲೆ ಪ್ರೆಸಿಡೆನ್ಸಿ ಮ್ಯಾಜಿಸ್ಟ್ರೇಟರ ಮುಂದೆ ಬಂತು. ಅಜಾಗರೂಕತೆಯಿಂದ ಗಾಯಪಡಿಸಿದ ಆರೋಪ ನಿಲ್ಲಲಿಲ್ಲ. ಮದ್ಯಸೇವನೆಯ ಆರೋಪಕ್ಕೆ ಪೇಸಿಕಾಕಾ ಅವರ ಉತ್ತರ, ತಾನು ಬಿ. ಜಿ. ಫಾಸ್ ಎಂಬ ಟಾನಿಕ್ ಕುಡಿದಿದ್ದೆ ಎಂದು. ಅದರಲ್ಲಿ ಮದ್ಯಸಾರವಿತ್ತು. ಅದಿರಬಹುದೆಂದು ಮ್ಯಾಜಿಸ್ಟ್ರೇಟರು ಬಿಟ್ಟುಬಿಟ್ಟರು. ಸರಕಾರ ಹೈಕೋರ್ಟಿಗೆ ಹೋಯಿತು. ಮದ್ಯದ ವಾಸನೆ ಸಿದ್ಧವಾದ ಮೇಲೆ ಕುಡಿದದ್ದು ಔಷಧಿಯೆಂದು ತೋರಿಸಿಕೊಡಬೇಕಾದವನು ಆರೋಪಿ ಎಂದು ಹೈಕೋರ್ಟು ತಿರುಗಿ ಹೇಳಿ, ಒಂದು ತಿಂಗಳ ಕಠಿಣ ಸಜೆ ಮತ್ತು 500 ರೂಪಾಯಿ ದಂಡ ವಿಧಿಸಿತು.

ಸುಪ್ರೀಂ ಕೋರ್ಟಿನಲ್ಲಿ ಮೊದಲು ಮೂವರು ನ್ಯಾಯಮೂರ್ತಿಗಳು ಕೇಳಿದರು, ಒಮ್ಮತ ಮೂಡಲಿಲ್ಲ. ಆಮೇಲೆ ಸಂವಿಧಾನದ ಪ್ರಶ್ನೆಯನ್ನು ಐವರ ಪೀಠ ಕೇಳಿತು. 1954ರಲ್ಲಿ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರೂ ಬಹುಮತವೂ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು. ಬಲ್ಸಾರಾ ತೀರ್ಪಿನ ಮೇಲೆ ಔಷಧಿ ಕುಡಿಯುವುದು ಅಪರಾಧವಲ್ಲ. ಆದ್ದರಿಂದ ನಿಷಿದ್ಧವಾದ ಮದ್ಯವನ್ನೇ ಈತ ಕುಡಿದನೆಂದು ಸರಕಾರಿ ಪಕ್ಷ ತೋರಿಸಬೇಕು. ವಾಸನೆ ಬಂತೆಂದರೆ ಅಷ್ಟನ್ನು ತೋರಿಸಿದಂತಾಗದು, ಏಕೆಂದರೆ ಟಾನಿಕ್ ಕುಡಿದವನ ಬಾಯಿಯೂ ನಾರುತ್ತದೆ. ನ್ಯಾಯಮೂರ್ತಿ ಎಸ್. ಆರ್. ದಾಸ್ ಒಪ್ಪಲಿಲ್ಲ, ವಿನಾಯಿತಿ ಬೇಡುವವನೇ ಅದಕ್ಕೆ ತಾನು ಪಾತ್ರನೆಂದು ತೋರಿಸಬೇಕು ಎಂಬುದು ಅವರ ಪಟ್ಟು. ಅದೂ ತೆಗೆದುಹಾಕುವ ಮಾತಲ್ಲ. ಇಲ್ಲವಾದರೆ ಪ್ರತಿಯೊಬ್ಬ ಕುಡುಕನ ಕಿಸೆಯಲ್ಲೂ ಒಂದು ಟಾನಿಕ್ ಸೀಸೆ ಹುಟ್ಟಿಕೊಂಡೀತು. ಏನೇ ಇರಲಿ, ಪೇಸಿಕಾಕಾ ಅವರ ಶಿಕ್ಷೆ ರದ್ದಾಯಿತು.

ಕಾನೂನು ಕಾಲೇಜುಗಳಲ್ಲಿ ಈ ತೀರ್ಪನ್ನು ಇಂದಿಗೂ ಓದಿಸುತ್ತಾರೆ, ಹೆಚ್ಚಾಗಿ ಮೂಲಭೂತ ಹಕ್ಕುಗಳನ್ನು ಯಾರೂ ಬಿಟ್ಟುಕೊಡಲಾಗದೆಂಬ ಚರ್ಚೆಗಾಗಿ. ನನಗೆ ಅದನ್ನು ಓದುವಾಗ ಬೇರೊಂದು ಕಾಣುತ್ತದೆ. ಪುಟಗಟ್ಟಲೆ ವಾಸನೆಯ ವಿಚಾರ, ರುಜುವಾತಿನ ಹೊಣೆಯ ವಿಚಾರ. ಬಸ್ಸು ಹಿಡಿಯಲು ಹೊರಟಿದ್ದ ಆ ಮೂವರ ಹೆಸರು ಮೊದಲಲ್ಲಿ ಬಂದು ಆಮೇಲೆ ಮಾಯವಾಗುತ್ತದೆ. ಕುಡಿಯುವುದೇ ಅಪರಾಧವೆಂದು ಕಾಯಿದೆ ಹೇಳಿದ್ದರಿಂದ, ಕುಡಿದು ಓಡಿಸಿದನೇ ಎಂಬ ನಿಜವಾದ ಪ್ರಶ್ನೆ ಬದಿಗೆ ಸರಿಯಿತು.

ಸರಕಾರ ಸುಮ್ಮನೆ ಕೂರಲಿಲ್ಲ. 1959ರಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. ಒಬ್ಬನು ಅಮಲಿನ ಪದಾರ್ಥ ಸೇವಿಸಿದ್ದಾನೆಂದು ನಂಬಲು ಪೊಲೀಸ್ ಅಧಿಕಾರಿಗೆ ಸಕಾರಣವಿದ್ದರೆ ಅವನನ್ನು ನೋಂದಾಯಿತ ವೈದ್ಯರ ಬಳಿ ಒಯ್ದು ರಕ್ತ ತೆಗೆಸಬಹುದು. ರಕ್ತದಲ್ಲಿ ಮದ್ಯಸಾರ ಶೇಕಡಾ 0.05ಕ್ಕೆ ಕಡಿಮೆಯಿಲ್ಲದಿದ್ದರೆ, ತಾನು ಕುಡಿದದ್ದು ಔಷಧಿಯೇ ಎಂದು ತೋರಿಸುವ ಹೊಣೆ ಅವನ ಮೇಲೆ. ಮೂಗು ಇನ್ನು ಮೇಲೆ ಬಾಗಿಲು ತಟ್ಟಬಹುದು, ತೀರ್ಪು ಹೇಳಲಾಗದು. ಅದೇ ವರ್ಷದ ನಿಯಮಗಳನ್ನು ನೋಡಿದರೆ ಅಡಿಗೆಮನೆಯ ಮಡಿ ನೆನಪಾಗುತ್ತದೆ. ಸಿರಿಂಜನ್ನು ಕುದಿಯುವ ನೀರಿನಲ್ಲಿ ಹಾಕಿ ತೆಗೆಯಬೇಕು. ಚರ್ಮವನ್ನು ಶುದ್ಧ ನೀರಿನಿಂದ ಒರೆಸಬೇಕು. ಯಾವ ಹಂತದಲ್ಲೂ ಸ್ಪಿರಿಟು ಸೋಕಕೂಡದು, ಸೋಕಿದರೆ ಅದೇ ರಕ್ತದಲ್ಲಿ ಸೇರಿತೆಂಬ ವಾದ ಬರುತ್ತದೆ. 5 ಸಿ.ಸಿ.ಗೆ ಕಡಿಮೆಯಿಲ್ಲದಂತೆ ತೆಗೆದ ರಕ್ತವನ್ನು ಹೆಪ್ಪುಗಟ್ಟದಂತೆ, ಕೆಡದಂತೆ ಔಷಧಿ ಹಾಕಿದ ಸೀಸೆಗೆ ಸುರಿದು ಕುಲುಕಿ ಮೊಹರು ಹಾಕಬೇಕು. ಏಳು ದಿನಗಳೊಳಗೆ ಪರೀಕ್ಷಕರಿಗೆ ಕಳಿಸಬೇಕು.

ಈ ಮಡಿ ಸುಮ್ಮನೆ ಬಂದದ್ದಲ್ಲ. ಒಂದು ಸೀಸೆಯ ಮೊಹರು ಒಡೆದಿದ್ದರೆ, ಅಥವಾ ಎಂಟನೆಯ ದಿನ ಹೋಗಿದ್ದರೆ, ಒಬ್ಬನ ಸೆರೆಮನೆಯೋ ಒಬ್ಬನ ಬಿಡುಗಡೆಯೋ ಅದರ ಮೇಲೆ ನಿಲ್ಲುತ್ತಿತ್ತು. ಉಖಾ ಕೋಲ್ಹೆ ಎಂಬ ಚಾಲಕರ ಖಟ್ಲೆ 1963ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ರಕ್ತವನ್ನು ತೆಗೆದ ಬಗೆ, ಇಟ್ಟ ಬಗೆಗಳದೇ ದೊಡ್ಡ ಜಿಜ್ಞಾಸೆಯಾಯಿತು. ಈ ನಿಯಮಗಳಲ್ಲಿ ಹೇಳಿದ ಒಂದೇ ದಾರಿಯಲ್ಲಿ ರುಜುವಾತಾಗಬೇಕೆಂದಿಲ್ಲ ಎಂದು ಬಹುಮತದ ಅಭಿಪ್ರಾಯ ಬಂತು. ಮತ್ತೆ 1971ರಲ್ಲಿ ಬಚ್ಚುಭಾಯಿ ಹಸನಾಲಿ ಕಾರ್ಯಾಣಿ ಅವರ ಖಟ್ಲೆ. ಉಸಿರು ವಾಸನೆ, ನಡಿಗೆ ತೂರಾಟ, ಮಾತು ತೊದಲು, ಪಾಪೆ ಹಿಗ್ಗಿತ್ತು. ಪೇಸಿಕಾಕಾ ಅವರಿಗಿಂತ ಇಲ್ಲಿ ಲಕ್ಷಣಗಳು ಹೆಚ್ಚೇ. ಆದರೆ ರಕ್ತವನ್ನಾಗಲಿ ಮೂತ್ರವನ್ನಾಗಲಿ ಪರೀಕ್ಷೆ ಮಾಡಿಸಿರಲಿಲ್ಲ. ಇಷ್ಟರಿಂದಲೇ ಕುಡಿದಿದ್ದರೆಂದು ತೀರ್ಮಾನಿಸಲಾಗದು ಎಂದಿತು ಸುಪ್ರೀಂ ಕೋರ್ಟು. ಎರಡು ಖಟ್ಲೆಗಳನ್ನೂ ಒಟ್ಟಿಗಿಟ್ಟರೆ ಒಂದು ವಿಷಯ ಗೋಚರವಾಗುತ್ತದೆ. ಈ ಲಕ್ಷಣಗಳನ್ನು ಕಂಡು ಪೊಲೀಸರು ಹಿಡಿದದ್ದೇ ತಪ್ಪೆಂದು ಕೋರ್ಟು ಹೇಳಲಿಲ್ಲ. ಹಿಡಿಯಲು ಸಾಕಾದದ್ದು ಶಿಕ್ಷಿಸಲು ಸಾಲದು, ಅಷ್ಟೇ.

ಈ ಭೇದ ನಮ್ಮಲ್ಲೇ ಹುಟ್ಟಿದ್ದೆಂದು ಬೀಗುವಂತಿಲ್ಲ. ಅಮೆರಿಕದ ಸಂವಿಧಾನಕ್ಕೆ 1791ರಲ್ಲೇ ಸೇರಿದ ನಾಲ್ಕನೆಯ ತಿದ್ದುಪಡಿಯಲ್ಲಿ, ತಕ್ಕ ಸಂಭವನೀಯ ಕಾರಣವಿಲ್ಲದೆ ವಾರಂಟು ಹೊರಡಕೂಡದೆಂದಿದೆ. ದಸ್ತಗಿರಿಗೂ ಇದೇ ಅಳತೆ. 'ಸಂಭವನೀಯ ಕಾರಣ' ಎಂದರೆ ಬರೀ ಅನುಮಾನಕ್ಕಿಂತ ಹೆಚ್ಚು, ರುಜುವಾತಿಗಿಂತ ಕಡಿಮೆ. ಸಾಮಾನ್ಯ ವಿವೇಕವುಳ್ಳವನು ಕಂಡ ಸಂಗತಿಗಳಿಂದ 'ಹೌದಿರಬೇಕು' ಎನ್ನುವಷ್ಟು. ಕುಡಿದ ಚಾಲಕರ ವಿಷಯದಲ್ಲಿ ಇದು 1966ರ ಶ್ಮರ್ಬರ್ ಖಟ್ಲೆಯಲ್ಲಿ ಪರೀಕ್ಷೆಗೆ ಬಂತು. ಲಾಸ್ ಏಂಜಲೀಸಿನಲ್ಲಿ ಒಂದು ಕಾರು ಮರಕ್ಕೆ ಬಡಿಯಿತು. ಸ್ಥಳಕ್ಕೆ ಬಂದ ಪೊಲೀಸನಿಗೆ ವಾಸನೆ ಬಂತು. ಚಾಲಕನ ಕಣ್ಣು ಕೆಂಪಾಗಿ ನೀರಾಡುತ್ತಿದ್ದವು. ಆಸ್ಪತ್ರೆಯಲ್ಲೇ ದಸ್ತಗಿರಿ ಮಾಡಿ, ಚಾಲಕ ಬೇಡವೆಂದರೂ ವೈದ್ಯರಿಂದ ರಕ್ತ ತೆಗೆಸಿದ. ದಸ್ತಗಿರಿಗೆ ಈ ಲಕ್ಷಣಗಳು ಧಾರಾಳ ಸಾಕೆಂದಿತು ಕೋರ್ಟು. ರಕ್ತದ ವಿಷಯದಲ್ಲಿ ಐವರು ಒಂದೆಡೆ, ನಾಲ್ವರು ಇನ್ನೊಂದೆಡೆ. ನಿಮಿಷ ನಿಮಿಷಕ್ಕೆ ರಕ್ತದೊಳಗಿನ ಮದ್ಯಸಾರ ಕರಗಿಹೋಗುತ್ತಿರುವಾಗ ವಾರಂಟಿಗೆ ಓಡುವ ವ್ಯವಧಾನವಿರಲಿಲ್ಲವೆಂದು ಬಹುಮತದ ನ್ಯಾಯಮೂರ್ತಿ ಬ್ರೆನನ್ ಬರೆದರು. ಅದೇ ಕೋರ್ಟು 2013ರಲ್ಲಿ, ಕರಗುತ್ತದೆಂಬ ಒಂದೇ ನೆಪದಿಂದ ಪ್ರತಿ ಸಲವೂ ವಾರಂಟನ್ನು ತಪ್ಪಿಸುವಂತಿಲ್ಲ ಎಂದೂ, 2016ರಲ್ಲಿ ದಸ್ತಗಿರಿಯಾದವನ ಉಸಿರನ್ನು ವಾರಂಟಿಲ್ಲದೆ ಪರೀಕ್ಷಿಸಬಹುದು, ರಕ್ತವನ್ನಲ್ಲ ಎಂದೂ ಹೇಳಿತು. ಸೂಜಿ ಚುಚ್ಚುವುದು ಬೇರೆ, ಊದಿಸುವುದು ಬೇರೆ.

ಊದುವ ಯಂತ್ರವೂ ಆ ದೇಶದ್ದೇ. ಇಂಡಿಯಾನಾ ವಿಶ್ವವಿದ್ಯಾಲಯದ ರೋಲಾ ಹಾರ್ಗರ್ 1930ರ ದಶಕದಲ್ಲಿ ಮಾಡಿದ ಯಂತ್ರಕ್ಕೆ ಬಲೂನು ಊದಬೇಕಿತ್ತು. ಉಸಿರಿನಲ್ಲಿ ಮದ್ಯಸಾರವಿದ್ದರೆ ಒಳಗಿನ ನೇರಳೆ ದ್ರವದ ಬಣ್ಣ ಇಳಿಯುತ್ತಿತ್ತು. 1954ರಲ್ಲಿ, ಅಂದರೆ ಪೇಸಿಕಾಕಾ ತೀರ್ಪಿನ ವರ್ಷವೇ, ಅಲ್ಲಿನವರೇ ಆದ ರಾಬರ್ಟ್ ಬೋರ್ಕೆನ್‌ಸ್ಟೈನ್ ಹೆಚ್ಚು ಸುಲಭದ ಯಂತ್ರ ಮಾಡಿದರು. ಇಂಗ್ಲೆಂಡಿನಲ್ಲಿ 1872ರ ಕಾಯಿದೆಯೇ ಕುದುರೆ, ದನ, ಗಾಡಿ, ಉಗಿಯಂತ್ರಗಳನ್ನು ಕುಡಿದು ನಡೆಸುವುದನ್ನು ಅಪರಾಧವೆಂದಿತ್ತು. ಅಲ್ಲಿಗೆ ಊದುವ ಯಂತ್ರ ಬಂದದ್ದು 1967ರಲ್ಲಿ, ಸಾರಿಗೆ ಮಂತ್ರಿಣಿ ಬಾರ್ಬರಾ ಕ್ಯಾಸಲ್ ಅವರ ಹಟದಿಂದ. ಆಕೆಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಅದನ್ನೂ ಜನ ಆಡಿಕೊಂಡರು. ಕಂಡಕಂಡವರನ್ನೆಲ್ಲ ನಿಲ್ಲಿಸಿ ಊದಿಸುವ ಅಧಿಕಾರವನ್ನು ಮಾತ್ರ ಕೊಡಲಿಲ್ಲ. ಸಮವಸ್ತ್ರದಲ್ಲಿರುವ ಪೊಲೀಸನಿಗೆ ಕುಡಿದಿದ್ದಾನೆಂದೋ ಓಡುವ ವಾಹನದಲ್ಲಿ ನಿಯಮ ಮುರಿದನೆಂದೋ ಸಂಶಯಿಸಲು ಸಕಾರಣವಿರಬೇಕು, ಇಲ್ಲವೇ ಅಪಘಾತವಾಗಿರಬೇಕು.

ನಮ್ಮ 1988ರ ಮೋಟಾರು ವಾಹನ ಕಾಯಿದೆಯನ್ನು ಬಿಚ್ಚಿದರೆ ಅದೇ ಸಮವಸ್ತ್ರ, ಅದೇ ಸಕಾರಣ ಕಾಣುತ್ತವೆ. ಹಳೆಯ 1939ರ ಕಾಯಿದೆಯಲ್ಲಿ ವಾಹನದ ಮೇಲೆ ಹತೋಟಿ ತಪ್ಪುವಷ್ಟು ಅಮಲಿರಬೇಕಿತ್ತು. ಅದನ್ನು ಅಳೆಯುವುದು ಹೇಗೆ? 185ನೆಯ ಕಲಮು ಮೊದಲಿಗೆ ಎಷ್ಟೇ ಸ್ವಲ್ಪವಿದ್ದರೂ ತಪ್ಪೆಂದಿತು. 1994ರ ತಿದ್ದುಪಡಿಯಲ್ಲಿ 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗೆ ಮಿಕ್ಕಿರಬಾರದೆಂದು ಗೆರೆ ಎಳೆಯಿತು. 2019ರಿಂದ ಮೊದಲ ತಪ್ಪಿಗೆ 6 ತಿಂಗಳವರೆಗೆ ಸಜೆ, ಇಲ್ಲವೆ 10,000 ರೂಪಾಯಿ ದಂಡ, ಅಥವಾ ಎರಡೂ.

ಗೆರೆ ಬರೀ ಪುಸ್ತಕದಲ್ಲಿದ್ದರೆ ಏನಾಗುತ್ತದೆಂಬುದನ್ನು ಬಾಂದ್ರಾದ ಕಾರ್ಟರ್ ರಸ್ತೆ ತೋರಿಸಿತು. 2006ರ ನವೆಂಬರ್ 12ರ ನಸುಕಿನಲ್ಲಿ ಫುಟ್‌ಪಾತಿನ ಮೇಲೆ ಮಲಗಿದ್ದ ಕೂಲಿಕಾರರ ಮೇಲೆ ಒಂದು ಕಾರು ಹರಿಯಿತು. 7 ಮಂದಿ ಸತ್ತರು, 8 ಮಂದಿ ಗಾಯಗೊಂಡರು. ದುಡಿಯಲು ಊರು ಬಿಟ್ಟು ಬಂದವರು, ನಮ್ಮ ಹಾಗೆಯೇ. ಚಾಲಕನ ರಕ್ತದಲ್ಲಿ ಶೇಕಡಾ 0.112ರಷ್ಟು ಮದ್ಯಸಾರವಿತ್ತು, ಗೆರೆಯ ಸುಮಾರು ನಾಲ್ಕರಷ್ಟು. 2012ರಲ್ಲಿ ಸುಪ್ರೀಂ ಕೋರ್ಟು ಮೂರು ವರ್ಷಗಳ ಸಜೆಯನ್ನು ಎತ್ತಿಹಿಡಿಯಿತು. ಆ ಅಪಘಾತದ ಮರುವರ್ಷ, 2007ರಿಂದ, ಮುಂಬಯಿಯ ಸಂಚಾರ ಪೊಲೀಸರು ನಾಕಾಬಂದಿಗಳನ್ನು ಬಿಗಿಗೊಳಿಸಿದರು. ಅಲ್ಲಿ ಕಾರು ನಿಲ್ಲಿಸಬೇಕಾದಾಗ ಗೊಣಗುವವರಲ್ಲಿ ನಾನೂ ಒಬ್ಬ. ಆದರೆ ಕಾರ್ಟರ್ ರಸ್ತೆ ನೆನಪಾದರೆ ಗೊಣಗು ಗಂಟಲಲ್ಲೇ ಉಳಿಯುತ್ತದೆ.

ಈಗ ನಮ್ಮ ಹಿರಿಯರ ಪ್ರಶ್ನೆ. ನಾಕಾಬಂದಿಯಲ್ಲಿ ಎಲ್ಲರನ್ನೂ ನಿಲ್ಲಿಸಬಹುದು, ಕಾಗದಪತ್ರ ಕೇಳಬಹುದು. ಆದರೆ 203ನೆಯ ಕಲಮಿನಂತೆ ಊದಿಸಲು ಸಂಶಯಕ್ಕೆ ಸಕಾರಣ ಬೇಕು. ಹವಾಲ್ದಾರರು ಕಿಟಕಿಯೊಳಕ್ಕೆ ಮುಖ ತಂದು ಮಾತಾಡಿಸುವುದು ಅದಕ್ಕಾಗಿಯೇ. ಎಲ್ಲ ಯಂತ್ರಗಳ ಮೇಲೂ ಮೊದಲ ಕಾರಣ ಇಂದಿಗೂ ಮೂಗೇ. 2020ರಲ್ಲಿ ಕೋವಿಡ್ ಭಯದಿಂದ ಊದಿಸುವುದನ್ನು ನಿಲ್ಲಿಸಿದಾಗ ಒಂದು ವಿಚಿತ್ರ ನಡೆಯಿತು. ಯಂತ್ರವೂ ಇಲ್ಲ, ಪೊಲೀಸನಿಗೂ ಚಾಲಕನಿಗೂ ಮುಖಕ್ಕೆ ಮಾಸ್ಕು, ಮೂಗಿಗೂ ರಜೆ! ಊದಿದ ಮೇಲೆ ಯಂತ್ರ ಮದ್ಯಸಾರ ತೋರಿದರೆ, ಅಥವಾ ಊದಲು ಒಲ್ಲೆನೆಂದರೆ ಮತ್ತು ಸಂಶಯಕ್ಕೆ ಕಾರಣವಿದ್ದರೆ, ವಾರಂಟಿಲ್ಲದೆ ದಸ್ತಗಿರಿ ಮಾಡಬಹುದು. ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಮಲಗಿದವನನ್ನು ಮಾತ್ರ ಹಾಗೆ ದಸ್ತಗಿರಿ ಮಾಡುವಂತಿಲ್ಲ.

ಇನ್ನೊಂದು ಕಟ್ಟು 202ನೆಯ ಕಲಮಿನಲ್ಲಿದೆ, ನಮ್ಮವರಿಗೆ ಬಹುಮಟ್ಟಿಗೆ ತಿಳಿಯದ್ದು. 185ರ ಕೆಳಗೆ ದಸ್ತಗಿರಿಯಾದವನನ್ನು ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಮಾಡಿಸದಿದ್ದರೆ ಬಿಟ್ಟುಬಿಡಬೇಕು.

ಇದನ್ನು ಮರುದಿನ ಫೋನಿನಲ್ಲಿ ಹೇಳಿದೆ. ಬ್ಯಾಂಕಿನವರಲ್ಲವೇ, ಕೂಡಲೇ ಕೇಳಿದರು: "ಎರಡು ಗಂಟೆ ಸರಿ, ಆದರೆ ಯಾರ ಗಡಿಯಾರದಲ್ಲಿ?" ಅದಕ್ಕೂ ಉತ್ತರವಿದೆ. 1996ರಲ್ಲಿ ಡಿ. ಕೆ. ಬಸು ಖಟ್ಲೆಯಲ್ಲಿ ಸುಪ್ರೀಂ ಕೋರ್ಟು ಹೇಳಿದಂತೆ ದಸ್ತಗಿರಿಯಾದ ಕೂಡಲೇ ಒಂದು ಜ್ಞಾಪನಪತ್ರ ಬರೆಯಬೇಕು. ಅದರಲ್ಲಿ ತಾರೀಖು ಮತ್ತು ಹೊತ್ತು ಇರಬೇಕು. ಮನೆಯವರೋ ಆ ಪ್ರದೇಶದ ಗೌರವಸ್ಥರೋ ಒಬ್ಬರಾದರೂ ಸಾಕ್ಷಿ ಹಾಕಬೇಕು. ದಸ್ತಗಿರಿಯಾದವನೂ ಸಹಿ ಮಾಡಬೇಕು.

"ಹಾಗಾದರೆ ಆ ಟ್ಯಾಕ್ಸಿಯವನಿಗೆ ಸಾಕ್ಷಿ ಹಾಕಲು ನಾವು ನಾಲ್ವರಿದ್ದೆವು" ಎಂದರು ಅವರು.